ತಂತಿಯಲ್ಲಿ ಹರಿದ ‘ಪ್ರಸ್ತುತ’: ಬಾಗೇಪಲ್ಲಿ ತಾಲ್ಲೂಕಿನ ಒಂದು ಹತ್ತನೇ ತರಗತಿಯಲ್ಲಿ ಕೃತಕ ಬುದ್ಧಿಮತ್ತೆ

ದಸರಾ ರಜೆ ಮುಗಿದ ಮೇಲೆ, ಮೂರನೆಯ ರೂಪಣಾತ್ಮಕ ಮೌಲ್ಯಮಾಪನಕ್ಕೆಂದು ಹತ್ತನೇ ತರಗತಿಯ ಮಕ್ಕಳು ಬರೆದು ತಂದ ಯೋಜನಾ ಪುಸ್ತಕಗಳನ್ನು ತಿದ್ದಲು ಕುಳಿತ ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕಿಗೆ ಐದು ಪುಸ್ತಕಗಳಲ್ಲಿ ಒಂದೇ ವಾಕ್ಯ ಕಾಣಿಸಿತು: ‘ಪ್ರಸ್ತುತವು ತಂತಿಯ ಮೂಲಕ ಹರಿಯುತ್ತದೆ ಮತ್ತು ಶುಲ್ಕವನ್ನು ಸಾಗಿಸುತ್ತದೆ.’ ಅಕ್ಷರಗಳು ಬೇರೆ ಬೇರೆ, ಶಾಯಿ ಬೇರೆ ಬೇರೆ, ವಾಕ್ಯ ಮಾತ್ರ ಒಂದೇ. ಇಂಗ್ಲಿಷಿನ ‘ಕರೆಂಟ್’ ಎಂಬ ಪದಕ್ಕೆ ಹರಿವು ಎಂಬ ಅರ್ಥವೂ ಉಂಟು, ಸದ್ಯದ ಎಂಬ ಅರ್ಥವೂ ಉಂಟು. ‘ಚಾರ್ಜ್’ ಎಂಬ ಪದಕ್ಕೆ ವಿದ್ಯುತ್ತಿನ ಆವೇಶ ಎಂಬ ಅರ್ಥವೂ ಉಂಟು, ಹಣದ ಶುಲ್ಕ ಎಂಬ ಅರ್ಥವೂ ಉಂಟು. ಮೊಬೈಲಿನೊಳಗಿನ ಕೃತಕ ಬುದ್ಧಿಮತ್ತೆಯ (ಎಐ) ಯಂತ್ರವು ಎರಡು ಕಡೆಯೂ ತಪ್ಪು ಅರ್ಥವನ್ನೇ ಆರಿಸಿಕೊಂಡಿತ್ತು, ಮಕ್ಕಳು ಅದನ್ನು ಹಾಗೆಯೇ ಇಳಿಸಿಕೊಂಡಿದ್ದರು. ಆ ಊರಿನಲ್ಲಿ ‘ಕರೆಂಟು ಬಂತಾ’ ಎಂದು ದಿನಕ್ಕೆ ಹತ್ತು ಸಲ ಕೇಳದ ಮನೆಯಿಲ್ಲ. ಬಾಯಲ್ಲಿ ಕರೆಂಟು ಎನ್ನುವ ಮಗು ಪುಸ್ತಕದಲ್ಲಿ ‘ಪ್ರಸ್ತುತ’ ಎಂದು ಬರೆದೂ ಅನುಮಾನಪಡಲಿಲ್ಲ ಎಂಬುದೇ ಶಿಕ್ಷಕಿಯನ್ನು ಹೆಚ್ಚು ಕಾಡಿತು.

ಅವರು ನನ್ನ ಹಳೆಯ ಸಹೋದ್ಯೋಗಿ. ಮೂರು ದಶಕಗಳ ಕಾಲ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಲಿಸಿ ನಿವೃತ್ತನಾದ ನನ್ನನ್ನು ಅವರು ಆ ಸಂಜೆಯೇ ಫೋನಿನಲ್ಲಿ ಕರೆದು, ಮುಂದಿನ ಪಾಠ ಮುಗಿಯುವವರೆಗೆ ವಾರಕ್ಕೆರಡು ದಿನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕೆಂದು ಕೇಳಿಕೊಂಡರು. ಆ ಐದು ವಾರಗಳಲ್ಲಿ ನಾನು ಬರೆದಿಟ್ಟುಕೊಂಡ ಟಿಪ್ಪಣಿಗಳು, ಅವರ ಪಾಠಯೋಜನೆಯ ಪುಸ್ತಕ, ಮಕ್ಕಳ ಉತ್ತರ ಹಾಳೆಗಳು ಮತ್ತು ಶಿಕ್ಷಕಿಯೊಂದಿಗಿನ ಮಾತುಕತೆಗಳೇ ಈ ಪ್ರಕರಣದ ಆಧಾರ. ಶಾಲೆಯ, ಶಿಕ್ಷಕಿಯ ಮತ್ತು ಮಕ್ಕಳ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

ಶಾಲೆ ಮತ್ತು ಅದರ ಭಾಷೆ

ಬಾಗೇಪಲ್ಲಿ ತಾಲ್ಲೂಕು 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು, ಆಂಧ್ರದ ಗಡಿಗೆ ಅಂಟಿಕೊಂಡಿದೆ. ಇಲ್ಲಿನ ಬಹುಪಾಲು ಮನೆಗಳ ಮಾತು ತೆಲುಗು. ಮಗು ಅಮ್ಮನೊಂದಿಗೆ ತೆಲುಗಿನಲ್ಲಿ ಮಾತನಾಡುತ್ತದೆ, ಗೆಳೆಯರೊಂದಿಗೆ ಎರಡನ್ನೂ ಬೆರೆಸುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ವಿಜ್ಞಾನದ ಪುಸ್ತಕ ತೆರೆದಾಗ ‘ವಿಭವಾಂತರ’, ‘ರೋಧ’, ‘ಸಮಾಂತರ ಜೋಡಣೆ’ ಎಂಬ ಮೂರನೆಯದೊಂದು ಭಾಷೆಯನ್ನೇ ಎದುರಿಸುತ್ತದೆ. ಡಿಜಿಟಲ್ ಸಾಧನಗಳು ಕಲಿಕೆಯನ್ನು ಸುಲಭಗೊಳಿಸುತ್ತವೆಯೇ ಎಂಬ ಪ್ರಶ್ನೆಗೆ ಈ ಭಾಗದಲ್ಲಿ ಉತ್ತರ ಹುಡುಕುವವರು ಮೊದಲು ಈ ಮೂರು ಮೆಟ್ಟಿಲುಗಳನ್ನು ನೋಡಬೇಕು. ನಗರದಲ್ಲಿ ಕುಳಿತು ‘ಕನ್ನಡದಲ್ಲಿ ಲಭ್ಯವಿದೆ’ ಎಂದು ಬರೆದ ಮಾತ್ರಕ್ಕೆ ಆ ಸಾಧನ ಈ ಮಗುವಿಗೆ ಲಭ್ಯವಾಗುವುದಿಲ್ಲ.

ಶಾಲೆಯಲ್ಲಿ ಸಾಧನಗಳಿಗೆ ಕೊರತೆಯಿದೆ ಎನ್ನಲಾಗದು. ದಾನಿಗಳು ಕೊಟ್ಟ ಒಂದು ದೊಡ್ಡ ಟಿವಿ, ಒಂದು ಲ್ಯಾಪ್‌ಟಾಪ್, ವಿದ್ಯುತ್ ಹೋದರೆ ಒಂದಿಷ್ಟು ಹೊತ್ತು ನಿಲ್ಲುವ ಯುಪಿಎಸ್ ಇವೆ. ಪಠ್ಯಪುಸ್ತಕದ ಅಧ್ಯಾಯಗಳಲ್ಲಿ ಕ್ಯೂಆರ್ ಕೋಡ್ ಇದ್ದು, ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ವೇದಿಕೆಯ ವಿಡಿಯೊಗಳಿಗೆ ಅದು ಕರೆದೊಯ್ಯುತ್ತದೆ. ಆದರೆ ಮನೆಯ ಫೋನು ಬೆಳಿಗ್ಗೆ ಅಪ್ಪನೊಂದಿಗೆ ತೋಟಕ್ಕೋ ಬೆಂಗಳೂರಿನ ಕೂಲಿಗೋ ಹೋಗಿ ರಾತ್ರಿ ಎಂಟರ ಮೇಲೆ ಮಗುವಿನ ಕೈಗೆ ಬರುತ್ತದೆ. ಆ ಒಂದು ಗಂಟೆಯಲ್ಲಿ ಹತ್ತು ನಿಮಿಷದ ವಿಡಿಯೊ ನೋಡುವ ಬದಲು, ಪ್ರಶ್ನೆ ಹಾಕಿದ ಕೂಡಲೇ ಬರೆದುಕೊಳ್ಳಲು ಸಿದ್ಧವಾದ ಉತ್ತರ ಕೊಡುವ ಎಐ ಚಾಟ್‌ಬಾಟ್ ಮಗುವಿಗೆ ಹತ್ತಿರವಾಯಿತೆಂದರೆ ಅದರಲ್ಲಿ ಆಶ್ಚರ್ಯವಿಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಇಂಥ ಸೇವೆಗಳು ಒಂದರ ಹಿಂದೊಂದು ಬಂದವು, ಬಹುಪಾಲು ಉಚಿತವಾಗಿಯೇ ಸಿಗುತ್ತಿವೆ.

ಶಿಕ್ಷಕಿಯ ಕೆಲಸದ ಹೊರೆಯನ್ನೂ ಇಲ್ಲಿ ಹೇಳಬೇಕು. ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಗಳ ಗಣಿತ, ಜೊತೆಗೆ ಭೌತ ಮತ್ತು ರಸಾಯನ ವಿಜ್ಞಾನ ಒಬ್ಬರದೇ ಹೊಣೆ. ಪಾಠಯೋಜನೆ ಬರೆಯಬೇಕು, ಅಂಕಗಳನ್ನು ಆನ್‌ಲೈನ್‌ಗೆ ಏರಿಸಬೇಕು, ಸಂಜೆ ವಿಶೇಷ ತರಗತಿ ನಡೆಸಬೇಕು. ಅದರ ಮೇಲೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ ವರ್ಷ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಅರ್ಥಮಾಡಿಕೊಳ್ಳದೆ ದಾಟಿಸುವ ದಾರಿಗಳು ಮುಚ್ಚುತ್ತಿವೆ ಎಂಬುದು ಆಗ ಎಲ್ಲ ಶಿಕ್ಷಕರಿಗೂ ಮನವರಿಕೆಯಾಯಿತು. ತರಗತಿಯೊಳಗೆ ಬಂದ ಡಿಜಿಟಲ್ ಸಾಧನಗಳಲ್ಲಿ ಆ ಕ್ಯಾಮೆರಾವನ್ನೂ ಸೇರಿಸಿ ಎಣಿಸಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೋಧನೆಯ ಗುರಿಯನ್ನು ಅದು ಬದಲಿಸಿದಷ್ಟು ಯಾವ ಟಿವಿಯೂ ಬದಲಿಸಲಿಲ್ಲ.

ಯಂತ್ರ ಬರೆದ ಪಾಠಯೋಜನೆ

ಶಿಕ್ಷಕಿಯೂ ಎಐ ಬಳಸುತ್ತಿದ್ದರು ಎಂಬುದನ್ನು ಅವರೇ ಮೊದಲು ಹೇಳಿದರು. ಪಾಠಯೋಜನೆಗೆ ಯಂತ್ರದ ನೆರವು ಪಡೆಯುವುದು ನಮ್ಮ ರಾಜ್ಯಕ್ಕೆ ತೀರಾ ಹೊಸದೇನಲ್ಲ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ರೂಪಿಸಿದ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ಕರ್ನಾಟಕದ ಕೆಲವು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿ ನೋಡಲಾಗಿದೆ. ಈ ಶಾಲೆಯಲ್ಲಿ ಬಳಸಿದ್ದು ಅದನ್ನಲ್ಲ. ಫೋನಿನಲ್ಲಿ ಉಚಿತವಾಗಿ ಸಿಗುವ ಸಾಮಾನ್ಯ ಚಾಟ್‌ಬಾಟ್ ಒಂದನ್ನು. ತೊಡಗಿಸಿಕೊಳ್ಳುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಎಂಬ ಐದು ಹಂತಗಳ 5ಇ ಪಾಠಯೋಜನೆಯನ್ನು ಕೈಯಲ್ಲಿ ಬರೆಯಲು ಶಿಕ್ಷಕಿಗೆ ಒಂದು ಸಂಜೆ ಹಿಡಿಯುತ್ತಿತ್ತು. ಯಂತ್ರ ಅದನ್ನು ಒಂದು ನಿಮಿಷದೊಳಗೆ ಬರೆದುಕೊಟ್ಟಿತು.

‘ವಿದ್ಯುಚ್ಛಕ್ತಿ’ ಅಧ್ಯಾಯಕ್ಕೆ ಯಂತ್ರ ಕೊಟ್ಟ ಮೊದಲ ಯೋಜನೆಯ ಪ್ರತಿ ನನ್ನ ಬಳಿ ಇದೆ. ನೋಡಲು ಅಚ್ಚುಕಟ್ಟು. ಐದೂ ಹಂತಗಳಿವೆ, ಪ್ರತಿ ಹಂತಕ್ಕೂ ನಿಮಿಷಗಳನ್ನು ಹಂಚಿದೆ. ಓದುತ್ತ ಹೋದಂತೆ ಮೂರು ಬಗೆಯ ದೋಷಗಳು ತೋರುತ್ತವೆ. ಪಠ್ಯಪುಸ್ತಕ ‘ರೋಧ’ ಎನ್ನುವುದನ್ನು ಅದು ಒಂದು ಕಡೆ ‘ಪ್ರತಿರೋಧ’, ಇನ್ನೊಂದು ಕಡೆ ‘ನಿರೋಧ’ ಎಂದಿದೆ. ಪುಸ್ತಕವು ‘ಶಕ್ತಿ’ ಮತ್ತು ‘ಸಾಮರ್ಥ್ಯ’ ಎಂದು ಎಚ್ಚರಿಕೆಯಿಂದ ಬೇರ್ಪಡಿಸಿಟ್ಟ ಎರಡು ಪರಿಕಲ್ಪನೆಗಳಿಗೂ ಅದು ‘ಶಕ್ತಿ’ ಎಂಬ ಒಂದೇ ಪದ ಬಳಸಿದೆ. ಜೂಲ್ ಮತ್ತು ವ್ಯಾಟ್‌ಗಳ ನಡುವೆ ಮೊದಲೇ ಗೊಂದಲದಲ್ಲಿರುವ ಮಗುವಿಗೆ ಇದಕ್ಕಿಂತ ದೊಡ್ಡ ತೊಡಕು ಬೇಕಿಲ್ಲ. ಮೂರನೆಯದು ಉದಾಹರಣೆಗಳು: ಗೀಸರ್, ಟೋಸ್ಟರ್, ಲಿಫ್ಟ್. ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯಿಸುವ, ಲಿಫ್ಟನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ಒಮ್ಮೆ ಕಂಡಿರಬಹುದಾದ ಮಕ್ಕಳಿಗೆ ಈ ಉದಾಹರಣೆಗಳು ಇನ್ನೊಂದು ಪಾಠವೇ ಆಗುತ್ತವೆ.

ಯಂತ್ರ ಹೀಗೇಕೆ ಬರೆಯುತ್ತದೆ ಎಂಬುದನ್ನು ನಾವಿಬ್ಬರೂ ಕೂತು ಅರ್ಥಮಾಡಿಕೊಳ್ಳಲು ಯತ್ನಿಸಿದೆವು. ಇಂಥ ಭಾಷಾ ಮಾದರಿಗಳು ಪಠ್ಯವನ್ನು ಸಣ್ಣ ತುಣುಕುಗಳಾಗಿ ಒಡೆದು, ಇಷ್ಟು ತುಣುಕುಗಳ ನಂತರ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ತಾವು ಕಲಿತ ಅಪಾರ ಪಠ್ಯದ ಆಧಾರದ ಮೇಲೆ ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ಆ ಪಠ್ಯದಲ್ಲಿ ಇಂಗ್ಲಿಷಿನ ಪಾಲು ದೊಡ್ಡದು, ಕನ್ನಡದ್ದು ಅತ್ಯಲ್ಪ. ಲಿಪಿಯ ಲೆಕ್ಕವೂ ನಮಗೆ ಪ್ರತಿಕೂಲ: ‘ವಿದ್ಯುತ್’ ಎಂಬ ಪದ ಯೂನಿಕೋಡ್‌ನಲ್ಲಿ 8 ಸಂಕೇತಗಳಾಗುತ್ತದೆ, ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಸಂಕೇತಕ್ಕೆ 3ರಂತೆ 24 ಬೈಟ್ ಹಿಡಿಯುತ್ತದೆ. ಇಂಗ್ಲಿಷಿನ ಸಾಮಾನ್ಯ ಪದವೊಂದು ಒಂದೇ ತುಣುಕಾಗಿ ಉಳಿಯುವಲ್ಲಿ ಕನ್ನಡದ ಪದ ಹಲವು ಚೂರುಗಳಾಗಿ ಒಡೆಯುತ್ತದೆ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಯಾವ ಪದವನ್ನು ಏಕೆ ಆರಿಸಿದ್ದಾರೆ ಎಂಬುದನ್ನು ಯಂತ್ರ ತಾನಾಗಿ ಅರಿಯಲು ದಾರಿಯಿಲ್ಲ. ನಾವು ಹೇಳಬೇಕು.

ಶಿಕ್ಷಕಿ ಹೇಳತೊಡಗಿದರು. ಅಧ್ಯಾಯದ ಪಾರಿಭಾಷಿಕ ಪದಗಳನ್ನೆಲ್ಲ ಒಂದು ಪುಟದಲ್ಲಿ ಪಟ್ಟಿ ಮಾಡಿ, ಪ್ರತಿ ಸಲ ಪ್ರಶ್ನೆಯ ಜೊತೆಗೆ ಆ ಪಟ್ಟಿಯನ್ನೂ ಅಂಟಿಸಿ, ಈ ಪದಗಳನ್ನಷ್ಟೇ ಬಳಸಬೇಕೆಂದು ಸೂಚಿಸಿದರು. ಊರಿನ ವಿವರಗಳನ್ನೂ ಕೊಟ್ಟರು: ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ತೋಟಗಳಿಗೆ ಡ್ರಿಪ್ ಹಾಕಿದ್ದಾರೆ, ಮೋಟಾರು ಓಡಿಸಲು ಬೇಕಾದ, ಮೂರು ತಂತಿಗಳಲ್ಲಿ ಬರುವ ತ್ರೀ ಫೇಸ್ ವಿದ್ಯುತ್ ದಿನದಲ್ಲಿ ಕೆಲವು ಗಂಟೆ ಮಾತ್ರ ಬರುತ್ತದೆ. ಎರಡನೆಯ ವಾರಕ್ಕೆ ಯಂತ್ರದ ಬರವಣಿಗೆ ಗುರುತಿಸುವಷ್ಟು ಸುಧಾರಿಸಿತು. ಡ್ರಿಪ್ ಪೈಪುಗಳನ್ನು ಸಮಾಂತರ ಜೋಡಣೆಗೆ ಹೋಲಿಸುವ ಚಟುವಟಿಕೆಯೊಂದನ್ನು ಅದು ಸೂಚಿಸಿತು: ಒಂದರ ಬದಲು ನಾಲ್ಕು ಸಾಲುಗಳ ವಾಲ್ವ್ ತೆರೆದರೆ ಒಟ್ಟು ಹರಿಯುವ ನೀರು ಹೆಚ್ಚುತ್ತದೆ, ಹಾಗೆಯೇ ಸಮಾಂತರವಾಗಿ ರೋಧಕಗಳನ್ನು ಸೇರಿಸಿದಷ್ಟೂ ಒಟ್ಟು ರೋಧ ಇಳಿದು ಒಟ್ಟು ಪ್ರವಾಹ ಏರುತ್ತದೆ. ಹೋಲಿಕೆ ಒಳ್ಳೆಯದೇ. ಆದರೆ ಡ್ರಿಪ್‌ನಲ್ಲಿ ಹೆಚ್ಚು ಸಾಲು ತೆರೆದಾಗ ಕೊನೆಯ ಗಿಡಕ್ಕೆ ಒತ್ತಡ ಕುಗ್ಗುವುದನ್ನು ಮಕ್ಕಳು ಕಣ್ಣಾರೆ ಕಂಡಿರುತ್ತಾರೆ, ಪುಸ್ತಕದ ಆದರ್ಶ ಮಂಡಲದಲ್ಲಿ ವಿಭವಾಂತರ ಹಾಗೆ ಕುಗ್ಗುವುದಿಲ್ಲ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಶಿಕ್ಷಕಿ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡು ತರಗತಿಗೆ ಹೋದರು. ಆ ಕೆಂಪು ಟಿಪ್ಪಣಿ ಯಂತ್ರದ ಯಾವ ಉತ್ತರದಲ್ಲೂ ಇರಲಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಸ್ಪಷ್ಟವಾಗಿ ದಾಖಲಿಸಬೇಕು. ಮೊದಲ ಎರಡು ವಾರಗಳಲ್ಲಿ ಶಿಕ್ಷಕಿಯ ಸಮಯ ಉಳಿಯಲಿಲ್ಲ; ಬರೆಯಲು ಹಿಡಿಯುತ್ತಿದ್ದಷ್ಟೇ ಹೊತ್ತು ಯಂತ್ರ ಬರೆದದ್ದನ್ನು ಪರಿಶೀಲಿಸಲು ಹಿಡಿಯಿತು. ಪದಪಟ್ಟಿ ಸಿದ್ಧವಾಗಿ, ಯಂತ್ರ ಎಲ್ಲೆಲ್ಲಿ ಎಡವುತ್ತದೆಂಬ ಅಂದಾಜು ಸಿಕ್ಕ ಮೇಲಷ್ಟೇ ದಿನಕ್ಕೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಅವರಿಗೆ ಮಿಕ್ಕಿತು. ‘ನಿಮಿಷದಲ್ಲಿ ಪಾಠಯೋಜನೆ’ ಎಂಬ ಪ್ರಚಾರದಲ್ಲಿ ಈ ಪರಿಶೀಲನೆಯ ಶ್ರಮ ಎಲ್ಲೂ ಕಾಣುವುದಿಲ್ಲ, ಮತ್ತು ವಿಷಯದಲ್ಲಿ ಗಟ್ಟಿ ಹಿಡಿತವಿರುವ ಶಿಕ್ಷಕರು ಮಾತ್ರ ಆ ಶ್ರಮವನ್ನು ಮಾಡಬಲ್ಲರು.

ಎರಡು ಬಲ್ಬುಗಳ ಪ್ರಶ್ನೆ

ಮೂರನೆಯ ವಾರ ಯಂತ್ರ ತಯಾರಿಸಿದ ಅಭ್ಯಾಸ ಹಾಳೆಯಲ್ಲಿ ಒಂದು ಪ್ರಶ್ನೆಯಿತ್ತು: 220 ವೋಲ್ಟ್‌ಗೆ ತಯಾರಾದ 100 ವ್ಯಾಟ್ ಮತ್ತು 60 ವ್ಯಾಟ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶಿಸುತ್ತದೆ? ಯಂತ್ರ ಕೊಟ್ಟ ಉತ್ತರ: ಸಾಮರ್ಥ್ಯ ಹೆಚ್ಚಿರುವುದರಿಂದ 100 ವ್ಯಾಟ್ ಬಲ್ಬು. ಉತ್ತರದ ಧಾಟಿಯಲ್ಲಿ ಸಂಶಯದ ಸುಳಿವೂ ಇರಲಿಲ್ಲ. ಉತ್ತರ ತಪ್ಪು. ಶಿಕ್ಷಕಿ ಅದನ್ನು ಅಳಿಸಿ ಸರಿಯಾದುದನ್ನು ಬರೆಯಬಹುದಿತ್ತು. ಅದರ ಬದಲು ಆ ಉತ್ತರವನ್ನು ಹಾಗೆಯೇ ಕರಿಹಲಗೆಯ ಮೇಲೆ ಬರೆದು, ‘ಇದು ಫೋನು ಹೇಳಿದ್ದು, ಒಪ್ಪುತ್ತೀರಾ?’ ಎಂದು ಕೇಳಿದರು. ತರಗತಿ ಒಪ್ಪಿತು. ನೂರು ಅರವತ್ತಕ್ಕಿಂತ ದೊಡ್ಡದಲ್ಲವೇ.

ಮರುದಿನ ಅವರು ಒಂದು ಹಲಗೆ ತಂದಿದ್ದರು. ಊರಿನ ಎಲೆಕ್ಟ್ರಿಷಿಯನ್‌ನಿಂದ ಎರಡು ಹೋಲ್ಡರುಗಳನ್ನು ಸರಣಿಯಲ್ಲಿ ಕೂರಿಸಿ, ಸ್ವಿಚ್ ಮತ್ತು ಫ್ಯೂಸ್ ಹಾಕಿಸಿ, ತಂತಿಯ ತುದಿಗಳು ಎಲ್ಲೂ ಹೊರಗೆ ಕಾಣದಂತೆ ಮುಚ್ಚಿಸಿದ್ದರು. ಎಲ್‌ಇಡಿಯ ಕಾಲದಲ್ಲಿ ಬುರುಡೆ ಬಲ್ಬು ಸಿಗುವುದೇ ಕಷ್ಟವಾಗಿ, ಬಾಗೇಪಲ್ಲಿಯ ನಾಲ್ಕು ಅಂಗಡಿ ತಿರುಗಿ ತಂದಿದ್ದರು. ಮಕ್ಕಳನ್ನು ದೂರ ನಿಲ್ಲಿಸಿ, ಕಿಟಕಿ ಮುಚ್ಚಿಸಿ, ಸ್ವಿಚ್ಚನ್ನು ತಾವೇ ಒತ್ತಿದರು. 60 ವ್ಯಾಟ್ ಬಲ್ಬು ಹಳದಿಯಾಗಿ ಬೆಳಗಿತು; 100 ವ್ಯಾಟ್ ಬಲ್ಬಿನೊಳಗೆ ತಂತು ಕೆಂಪಗೆ ಒಂದು ಗೆರೆಯಂತೆ ಮಿನುಗಿತು ಅಷ್ಟೆ. ಎರಡು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ, ‘ಮಿಸ್, ಫೋನು ತಪ್ಪು ಹೇಳಿದೆ’ ಎಂದ. ‘ಏಕೆ ತಪ್ಪು ಎಂದು ಹೇಳಬೇಕಲ್ಲ’ ಎಂದರು ಶಿಕ್ಷಕಿ.

ಲೆಕ್ಕವನ್ನು ಮಕ್ಕಳೇ ಕರಿಹಲಗೆಯ ಮೇಲೆ ಮಾಡಿದರು. ವಿಭವಾಂತರದ ವರ್ಗವನ್ನು ಸಾಮರ್ಥ್ಯದಿಂದ ಭಾಗಿಸಿದರೆ ರೋಧ ಸಿಗುತ್ತದೆ: 100 ವ್ಯಾಟ್ ಬಲ್ಬಿನದು 484 ಓಮ್, 60 ವ್ಯಾಟ್ ಬಲ್ಬಿನದು ಸುಮಾರು 807 ಓಮ್. ಸರಣಿಯಲ್ಲಿ ಎರಡರಲ್ಲೂ ಹರಿಯುವುದು ಒಂದೇ ಪ್ರವಾಹ, ಸುಮಾರು 0.17 ಆಂಪಿಯರ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಚಿಕ್ಕ ಬಲ್ಬಿಗೆ ಸುಮಾರು 23 ವ್ಯಾಟ್, ದೊಡ್ಡದಕ್ಕೆ ಸುಮಾರು 14 ವ್ಯಾಟ್ ದಕ್ಕುತ್ತದೆ. ಕಣ್ಣಿಗೆ ಕಂಡ ಅಂತರ ಈ ಲೆಕ್ಕಕ್ಕಿಂತಲೂ ಹೆಚ್ಚಾಗಿತ್ತು, ಏಕೆಂದರೆ ತಂತು ತಣ್ಣಗಿದ್ದಷ್ಟೂ ಅದರ ರೋಧ ಕಡಿಮೆ. ಮಂದವಾಗಿ ಉರಿಯುವ ದೊಡ್ಡ ಬಲ್ಬಿನ ಪಾಲು ಇನ್ನಷ್ಟು ಇಳಿಯುತ್ತದೆ. ಈ ಕೊನೆಯ ಅಂಶವನ್ನು ಒಬ್ಬ ಹುಡುಗಿ ತಾನಾಗಿ ಕೇಳಿದ ಪ್ರಶ್ನೆಯಿಂದ ಶಿಕ್ಷಕಿ ಬಿಡಿಸಿ ಹೇಳಿದರು. ಹತ್ತನೇ ತರಗತಿಯ ಪರೀಕ್ಷೆಗೆ ಅದು ಬರುವುದಿಲ್ಲ. ನಲವತ್ತು ನಿಮಿಷದ ಆ ಅವಧಿ ಮುಗಿದದ್ದು ಗಂಟೆ ಹೊಡೆದಾಗಲೇ ನಮಗೆ ತಿಳಿದದ್ದು.

ಅಂದಿನಿಂದ ಯಂತ್ರದ ಉತ್ತರವನ್ನು ತಿದ್ದುವುದು ತರಗತಿಯ ವಾರದ ಕೆಲಸವಾಯಿತು. ಯೋಜನಾ ಪುಸ್ತಕದಲ್ಲಿ ‘ಪ್ರಸ್ತುತ’ ಎಂದು ಬರೆದ ಐವರನ್ನು ಶಿಕ್ಷಕಿ ಗದರಲಿಲ್ಲ. ಅವರ ಅದೇ ವಾಕ್ಯವನ್ನು ಹೆಸರಿಲ್ಲದೆ ಟಿವಿಯಲ್ಲಿ ತೋರಿಸಿ, ಎಲ್ಲರೂ ಸೇರಿ ಅದನ್ನು ಪುಸ್ತಕದ ಕನ್ನಡಕ್ಕೂ, ಆಮೇಲೆ ಮನೆಯ ಮಾತಿಗೂ ತರುವಂತೆ ಮಾಡಿದರು. ಮನೆಯ ಮಾತಿಗೆ ತರುವ ಈ ಹಂತ ಅವರದೇ ಕಲ್ಪನೆ, ನನ್ನ ದೃಷ್ಟಿಯಲ್ಲಿ ಐದು ವಾರಗಳ ಅತ್ಯಂತ ಬೆಲೆಯುಳ್ಳ ಹೆಜ್ಜೆ.

ಸುಟ್ಟ ಮೋಟಾರಿನ ಪಾಠ

ವಿದ್ಯುತ್ಪ್ರವಾಹದ ಉಷ್ಣೋತ್ಪನ್ನ ಪರಿಣಾಮವನ್ನು ಕಲಿಸುವ ದಿನ ಶಿಕ್ಷಕಿ ಟಿವಿಯಲ್ಲಿ ಫೆಟ್ ಎಂಬ ಯೋಜನೆಯ ಅನುಕರಣೆಯೊಂದನ್ನು (ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗ) ತೆರೆದಿದ್ದರು. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಅನುಕರಣೆಗಳನ್ನು ಉಚಿತವಾಗಿ ಇಳಿಸಿಕೊಂಡು, ಇಂಟರ್ನೆಟ್ ಇಲ್ಲದೆಯೂ ನಡೆಸಬಹುದು. ನೆಟ್‌ವರ್ಕ್ ನಂಬಲಾಗದ ಶಾಲೆಗೆ ಇದು ದೊಡ್ಡ ಅನುಕೂಲ. ಬ್ಯಾಟರಿ, ತಂತಿ, ಬಲ್ಬುಗಳನ್ನು ಪರದೆಯ ಮೇಲೆ ಎಳೆದು ಜೋಡಿಸಿದರೆ ನೀಲಿ ಚುಕ್ಕೆಗಳು ಹರಿಯುವುದು ಕಾಣುತ್ತದೆ. ರೋಧವಿಲ್ಲದೆ ಬ್ಯಾಟರಿಯ ಎರಡು ತುದಿಗಳನ್ನು ಸೇರಿಸಿದರೆ ಬ್ಯಾಟರಿಗೆ ಬೆಂಕಿ ಹೊತ್ತಿಕೊಂಡ ಚಿತ್ರ ಬರುತ್ತದೆ.

ಆ ಬೆಂಕಿಯನ್ನು ಕಂಡೊಡನೆ ಕಿಟಕಿಯ ಪಕ್ಕದ ಹುಡುಗ, ‘ಮಿಸ್, ಒಕ ಫೇಸ್ ಪೋತೇ ಮೋಟರು ಕಾಲಿಪೋತುಂದಿ ಕದಾ’ ಎಂದ. ಒಂದು ಫೇಸ್ ಹೋದರೆ ಮೋಟಾರು ಸುಟ್ಟುಹೋಗುತ್ತದಲ್ಲ, ಹಾಗೆಯೇ ಇದೂ ತಾನೆ ಎಂಬುದು ಅವನ ಪ್ರಶ್ನೆ. ವಿಜ್ಞಾನದ ಅವಧಿಯಲ್ಲಿ ಅವನು ತಾನಾಗಿ ಬಾಯಿ ಬಿಟ್ಟದ್ದನ್ನು ಆ ವರ್ಷ ನೋಡಿರಲಿಲ್ಲವೆಂದು ಶಿಕ್ಷಕಿ ನಂತರ ಹೇಳಿದರು. ಹೋದ ಬೇಸಿಗೆಯಲ್ಲಿ ಅವರ ತೋಟದ ಮೋಟಾರು ಸುಟ್ಟು, ಅಷ್ಟೂ ಪೈಪು ಮೇಲೆತ್ತಿಸಿ, ಕಾಯಿಲ್ ರಿವೈಂಡಿಂಗ್ ಮಾಡಿಸಿ, ಇಳಿಸುವಷ್ಟರಲ್ಲಿ ಟೊಮೆಟೊ ಒಣಗಿತ್ತು. ಶಿಕ್ಷಕಿ ಪರದೆಯನ್ನು ಆರಿಸಿ ಸೀಮೆಸುಣ್ಣ ಕೈಗೆತ್ತಿಕೊಂಡರು. ಪ್ರವಾಹ ಎರಡು ಪಟ್ಟಾದರೆ ಉಷ್ಣ ಎಷ್ಟಾಗುತ್ತದೆ? ನಾಲ್ಕು ಪಟ್ಟು. ಮೂರು ಸುರುಳಿಗಳು ಹೊರಬೇಕಾದ ಕೆಲಸ ಎರಡರ ಮೇಲೆ ಬಿದ್ದರೆ ಆ ಎರಡರಲ್ಲಿ ಪ್ರವಾಹ ಏನಾಗುತ್ತದೆ? ಹೆಚ್ಚುತ್ತದೆ. ಪೂರ್ಣ ಭಾರದಲ್ಲಿ ಓಡುತ್ತಿರುವ ಮೋಟಾರಿಗೆ ಒಂದು ಫೇಸ್ ತಪ್ಪಿದಾಗ ಉಳಿದ ತಂತಿಗಳಲ್ಲಿ ಪ್ರವಾಹ ಸರಿಸುಮಾರು 1.73 ಪಟ್ಟಾಗುತ್ತದೆ, ವರ್ಗ ಮಾಡಿದರೆ ಉಷ್ಣ ಮೂರು ಪಟ್ಟಿನ ಹತ್ತಿರ ಬರುತ್ತದೆ. ತಾಮ್ರದ ತಂತಿಯ ಮೇಲಿನ ವಾರ್ನಿಷ್ ಕರಗಿ ಸುರುಳಿಗಳು ಒಂದಕ್ಕೊಂದು ತಗಲುತ್ತವೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ, ಒಂದು ಫೇಸ್ ತಪ್ಪಿದರೆ ಮೋಟಾರನ್ನು ನಿಲ್ಲಿಸುವ ‘ಪ್ರಿವೆಂಟರ್’ ಏಕೆ ಹಾಕುತ್ತಾರೆಂಬುದನ್ನು ಆಮೇಲೆ ಆ ಹುಡುಗನೇ ತರಗತಿಗೆ ವಿವರಿಸಿದ, ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ. ಶಿಕ್ಷಕಿ ಅವನ ಮಾತುಗಳ ಪಕ್ಕದಲ್ಲಿ ಪುಸ್ತಕದ ಪದಗಳನ್ನು ಕರಿಹಲಗೆಯ ಮೇಲೆ ಬರೆಯುತ್ತ ಹೋದರು.

ಇದೇ ಪ್ರಶ್ನೆಯನ್ನು ಆ ಹುಡುಗ ರಾತ್ರಿ ಫೋನಿನಲ್ಲಿ ಧ್ವನಿಯ ಮೂಲಕ ಕೇಳಿ ನೋಡಿದ್ದನಂತೆ. ಎರಡು ಭಾಷೆ ಬೆರೆತ ಅವನ ಮಾತನ್ನು ಯಂತ್ರ ಬೇರೇನೋ ಆಗಿ ಬರೆದುಕೊಂಡು, ಸಂಬಂಧವಿಲ್ಲದ ಉತ್ತರ ಕೊಟ್ಟಿತು. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಲೋಕಾರ್ಪಣೆ ಮಾಡಿದ ‘ಭಾಷಿಣಿ’, ಐಐಟಿ ಮದ್ರಾಸಿನ ‘ಎಐ4ಭಾರತ್’ ಮುಂತಾದ ಪ್ರಯತ್ನಗಳು ನಡೆದಿವೆ, ಅವುಗಳಿಂದ ಮುಂದೆ ಒಳ್ಳೆಯದಾಗಬಹುದೆಂಬ ಭರವಸೆ ನನಗಿದೆ. ಸದ್ಯಕ್ಕೆ ಗಡಿಭಾಗದ ಬೆರಕೆ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬಲ್ಲವರು ತರಗತಿಯಲ್ಲಿ ನಿಂತಿರುವ ಶಿಕ್ಷಕಿಯೇ.

ಉಳಿದ ಸಮಯ ಎಲ್ಲಿ ಹೋಯಿತು

ಮನೆಯಲ್ಲಿ ಸ್ಮಾರ್ಟ್‌ಫೋನೇ ಇಲ್ಲದ ಒಬ್ಬ ಹುಡುಗಿ ಈ ತರಗತಿಯಲ್ಲಿದ್ದಳು. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಅವಳ ಯೋಜನಾ ಪುಸ್ತಕ ಅತ್ಯಂತ ಚಿಕ್ಕದು, ಎರಡೂವರೆ ಪುಟ. ಅದರಲ್ಲಿದ್ದದ್ದು ಅಜ್ಜಿಯ ಮನೆಯ ಕರೆಂಟ್ ಬಿಲ್ಲಿನ ಲೆಕ್ಕ: ಎಷ್ಟು ಬಲ್ಬು, ಎಷ್ಟು ಗಂಟೆ, ಎಷ್ಟು ಯೂನಿಟ್. ಒಂದು ಕಡೆ ಗುಣಾಕಾರ ತಪ್ಪಿತ್ತು, ಉಳಿದದ್ದೆಲ್ಲ ಅವಳದೇ. ಬಣ್ಣದ ಹೊದಿಕೆ ಹಾಕಿದ, ಹನ್ನೆರಡು ಪುಟಗಳ ‘ಪ್ರಸ್ತುತ’ದ ಪುಸ್ತಕಗಳಿಗೆ ಹಿಂದಿನ ವರ್ಷಗಳ ರೂಢಿಯಂತೆ ಹೆಚ್ಚು ಅಂಕ ಸಿಗಬಹುದಿತ್ತು. ಶಿಕ್ಷಕಿ ರೂಢಿಯನ್ನು ಬದಲಿಸಿದರು. ಯೋಜನೆಯ ಅಂಕದಲ್ಲಿ ಅರ್ಧವನ್ನು ಮಗು ತನ್ನ ಬರವಣಿಗೆಯನ್ನು ಎದುರು ನಿಂತು ವಿವರಿಸುವುದಕ್ಕೆ ಮೀಸಲಿಟ್ಟರು. ಯಂತ್ರದಿಂದ ಮಿಕ್ಕ ಅರ್ಧ ಗಂಟೆ ಈ ಕೆಲಸಕ್ಕೆ ಹೋಯಿತು: ಸಂಜೆ ಶಾಲೆ ಬಿಟ್ಟ ಮೇಲೆ ದಿನಕ್ಕೆ ಮೂರು ನಾಲ್ಕು ಮಕ್ಕಳನ್ನು ಎದುರು ಕೂರಿಸಿಕೊಂಡು ಕೇಳುವುದು.

ನನ್ನ ತೀರ್ಪು ಇಲ್ಲಿಯೇ ನಿಲ್ಲುತ್ತದೆ. ಯಂತ್ರ ಕೊಟ್ಟ ಪಾಠಯೋಜನೆಯಿಂದ ಈ ತರಗತಿ ಸುಧಾರಿಸಿತೆಂದು ನಾನು ಹೇಳಲಾರೆ. ಉಳಿದ ಸಮಯವನ್ನು ಮಗುವಿನ ಎದುರು ಕೂರಲು ಬಳಸಿದ್ದರಿಂದ ಸುಧಾರಿಸಿತು. ಆ ಸಮಯ ಬೇರೆಡೆಗೆ ಹರಿದುಹೋಗುವ ಸಾಧ್ಯತೆ ಎಷ್ಟಿದೆ ಎಂಬುದು ನನ್ನ ಆತಂಕ. ನಮ್ಮಲ್ಲಿ ಶಾಲೆಗೆ ಭೇಟಿ ಕೊಡುವವರು ಮೊದಲು ಕೇಳುವುದು ದಾಖಲೆಗಳನ್ನು. ಪಾಠಯೋಜನೆಯ ಪುಸ್ತಕ ದಪ್ಪವಾಗಿದ್ದರೆ, ಚಟುವಟಿಕೆಗಳ ವರದಿ ಫೋಟೊ ಸಮೇತ ಇದ್ದರೆ ಸಮಾಧಾನ. ಇನ್ನು ಮುಂದೆ ಅಂಥ ದಾಖಲೆಗಳನ್ನು ಯಂತ್ರ ಬೇಕಾದಷ್ಟು ಬರೆದುಕೊಡುತ್ತದೆ. ಬರೆಯುವುದು ಸುಲಭವಾದಷ್ಟೂ ಇನ್ನಷ್ಟು ಬರೆಯಿರಿ ಎನ್ನುವ ಸುತ್ತೋಲೆಗಳು ಬಂದರೆ, ದಾಖಲೆಗಳೆಲ್ಲ ಸುಂದರವಾಗಿ, ತರಗತಿ ಮಾತ್ರ ಇದ್ದಲ್ಲೇ ಇರುತ್ತದೆ. ಪರಿಶೀಲನೆಯ ಗಂಟೆಗಳನ್ನು ಶಿಕ್ಷಕರ ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಬೇಕು, ಪಾಠಯೋಜನೆಯನ್ನು ಪುಟಗಳಿಂದ ಅಳೆಯುವುದನ್ನು ಬಿಡಬೇಕು ಎಂದು ತಾಲ್ಲೂಕು ಮಟ್ಟದ ಸಮಾಲೋಚನಾ ಸಭೆಯಲ್ಲಿ ಶಿಕ್ಷಕಿ ಎದ್ದು ನಿಂತು ಹೇಳಿದರು. ಸಭೆಯವರು ಅವರ ಮಾತನ್ನು ಬರೆದುಕೊಂಡರು.

ಮಕ್ಕಳ ಮಾಹಿತಿಯ ವಿಷಯದಲ್ಲಿ ಅವರು ಮೊದಲಿನಿಂದಲೂ ಎಚ್ಚರದಿಂದಿದ್ದರು. ಅಂಕಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು ವಿಶ್ಲೇಷಣೆ ಮಾಡಿಸುವ ಸಲಹೆ ಬಂದಾಗ, ಹೆಸರು, ಫೋಟೊ, ವಿದ್ಯಾರ್ಥಿ ಸಂಖ್ಯೆ ಯಾವುದನ್ನೂ ಹಾಕುವುದಿಲ್ಲವೆಂದು ನಿರ್ಧರಿಸಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶ ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಕೇಳುತ್ತದೆ. ತರಗತಿಯಲ್ಲಿ ಇಂಥ ಯಂತ್ರಗಳ ಬಳಕೆಗೆ ಕನಿಷ್ಠ 13 ವರ್ಷದ ಮಿತಿ ಇರಬೇಕೆಂದು ಯುನೆಸ್ಕೊ 2023ರಲ್ಲಿ ಸೂಚಿಸಿದೆ. ಹತ್ತನೇ ತರಗತಿಗೆ ಆ ಮಿತಿ ಅಡ್ಡಬರುವುದಿಲ್ಲ, ಎಂಟನೆಯ ತರಗತಿಯ ಬಗ್ಗೆ ಶಾಲೆ ಇನ್ನೂ ತೀರ್ಮಾನಿಸಿಲ್ಲ.

ಅಧ್ಯಾಯ ಮುಗಿದಾಗ ಶಿಕ್ಷಕಿ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಎಲ್ಲ ಪ್ರಶ್ನೆಗಳೂ ಹೊಸವು, ಪುಸ್ತಕದಲ್ಲಾಗಲಿ ಫೋನಿನಲ್ಲಾಗಲಿ ನೇರ ಉತ್ತರವಿಲ್ಲದವು. ಒಂದರಲ್ಲಿ ಮೂರು ಬಲ್ಬು, ಒಂದು ಫ್ಯಾನು ಇರುವ ಮನೆಯ ವೈರಿಂಗ್ ಚಿತ್ರ ಬರೆದು, ಒಂದು ಬಲ್ಬು ಸುಟ್ಟರೆ ಉಳಿದವು ಏಕೆ ಆರುವುದಿಲ್ಲವೆಂದು ಕೇಳಲಾಗಿತ್ತು. ಮೊದಲು ನಕಲು ಮಾಡಿದ್ದ ಐವರಲ್ಲಿ ಮೂವರು ಸಮಾಂತರ ಜೋಡಣೆಯ ಕಾರಣವನ್ನು ತಮ್ಮದೇ ಮಾತಿನಲ್ಲಿ ಬರೆದಿದ್ದರು. ಒಬ್ಬ ಅರ್ಧ ಬರೆದು ನಿಲ್ಲಿಸಿದ್ದ. ಇನ್ನೊಬ್ಬಳು ಸರಣಿಯ ಚಿತ್ರವನ್ನೇ ಬಿಡಿಸಿದ್ದಳು. ಓದುವುದರಲ್ಲೇ ಹಿಂದುಳಿದಿರುವ ಅವಳಿಗೆ ಯಂತ್ರದಿಂದಲೂ ಬಲ್ಬಿನ ಹಲಗೆಯಿಂದಲೂ ಹೆಚ್ಚಿನ ಪ್ರಯೋಜನವಾಗಲಿಲ್ಲ. ಅವಳಿಗೆ ಬೇಕಾದದ್ದು ಕನ್ನಡ ಓದಿನ ಪಾಠ, ಅದನ್ನು ಕನ್ನಡ ಶಿಕ್ಷಕರೊಂದಿಗೆ ಸೇರಿ ಈಗ ಆರಂಭಿಸಿದ್ದಾರೆ. ಐದು ವಾರಗಳ, ಒಂದೇ ತರಗತಿಯ ಈ ಫಲಿತಾಂಶವನ್ನು ಬೇರೆ ಶಾಲೆಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ನಾನು ಕೊನೆಯ ಬಾರಿ ಹೋದ ಸೋಮವಾರ ‘ವಿದ್ಯುತ್ಪ್ರವಾಹದ ಕಾಂತೀಯ ಪರಿಣಾಮಗಳು’ ಆರಂಭವಾಗುವುದಿತ್ತು. ಕಿಟಕಿಯ ಪಕ್ಕದ ಹುಡುಗ ಗೋಣಿಚೀಲವೊಂದನ್ನು ಮೇಜಿನ ಮೇಲಿಟ್ಟ. ಒಳಗೆ ಬೇಸಿಗೆಯಲ್ಲಿ ಸುಟ್ಟ ಮೋಟಾರಿನ ಹಳೆಯ ಕಾಯಿಲ್ ಇತ್ತು. ರಿವೈಂಡಿಂಗ್ ಅಂಗಡಿಯವರು ತೂಕಕ್ಕೆ ಹಾಕುವ ಮೊದಲು ಅವನ ಅಪ್ಪ ಕೇಳಿ ತಂದಿದ್ದರಂತೆ. ತಾಮ್ರ ಕಪ್ಪಗಾಗಿತ್ತು, ವಾರ್ನಿಷ್ ಕರಗಿ ಎಳೆಗಳು ಅಂಟಿಕೊಂಡಿದ್ದವು, ಚೀಲ ಬಿಚ್ಚಿದೊಡನೆ ಸುಟ್ಟ ವಾಸನೆ ಮುಂದಿನ ಬೆಂಚಿನವರೆಗೂ ಬಂತು. ಮಕ್ಕಳು ಸುತ್ತ ಸೇರಿದರು. ಶಿಕ್ಷಕಿ ಅದನ್ನು ಕೈಯಲ್ಲಿ ಹಿಡಿದು, ‘ಇದರಲ್ಲಿ ಎಷ್ಟು ಸುತ್ತು ಇದೆ ಅಂತ ಮೊದಲು ಅಂದಾಜು ಮಾಡಿ, ಆಮೇಲೆ ಎಣಿಸೋಣ’ ಎಂದರು.